ವಿಚಾರಣೆಗೆ ಮುನ್ನವೇ ತೀರ್ಪು: ಪರವಾನಗಿ ರದ್ದತಿ ಕುರಿತು ಗುತ್ತಿಗೆದಾರರ ಸಂಘದ ಖಂಡನಾ ಹೇಳಿಕೆ

ನಮ್ಮ ಸಂಘದ ಸದಸ್ಯರೂ ಒಂದನೇ ದರ್ಜೆಯ ನೋಂದಾಯಿತ ಗುತ್ತಿಗೆದಾರರೂ ಆದವರೊಬ್ಬರ ಪರವಾನಗಿಯನ್ನು, ಅವರ ಮೇಲಿನ ಆರೋಪವೇನೆಂಬುದನ್ನು ಲಿಖಿತವಾಗಿ ತಿಳಿಸದೆ, ಸಮಜಾಯಿಷಿ ನೀಡಲು ಒಂದು ದಿನದ ಅವಕಾಶವನ್ನೂ ಕೊಡದೆ, ಒಂದೇ ಆದೇಶದ ಮೂಲಕ ರದ್ದುಪಡಿಸಿ, ಅದೇ ಆದೇಶದ ಕೊನೆಯ ವಾಕ್ಯದಲ್ಲಿ ಅವರನ್ನು ಕಪ್ಪುಪಟ್ಟಿಗೂ ಸೇರಿಸಿರುವ ಸಾರ್ವಜನಿಕ ಪ್ರಾಧಿಕಾರದ ಕ್ರಮವನ್ನು ಸಂಘದ ಕಾರ್ಯಕಾರಿ ಸಮಿತಿಯು ಸರ್ವಾನುಮತದಿಂದ ಖಂಡಿಸುತ್ತದೆ. ಅವರು ನಿರ್ವಹಿಸುತ್ತಿದ್ದ ಕಾಮಗಾರಿಯಲ್ಲಿ ಗೋಡೆ ಕುಸಿದ ಈ ಪ್ರಕರಣದ ಉಳಿದ ವಿವರಗಳು ಪತ್ರಿಕೆಗಳ ಮೂಲಕ ಈಗಾಗಲೇ ಸಾರ್ವಜನಿಕರಿಗೆ ತಿಳಿದಿರುವುದರಿಂದ ಅವುಗಳನ್ನು ಪುನಃ ನಿರೂಪಿಸುವ ಅಗತ್ಯವಿಲ್ಲ. ಆದೇಶದ ಪ್ರತಿಯು ಸಂಬಂಧಪಟ್ಟವರ ಕೈಸೇರುವ ಮುನ್ನವೇ ಅದರ ಸಾರಾಂಶವು ಪತ್ರಿಕಾಗೋಷ್ಠಿಯಲ್ಲಿ ಪ್ರಕಟವಾಯಿತೆಂಬ ಒಂದು ಸಂಗತಿಯೇ, ನಿರ್ಣಯವು ಯಾವ ಮನಃಸ್ಥಿತಿಯಲ್ಲಿ ಮತ್ತು ಯಾರನ್ನು ಉದ್ದೇಶಿಸಿ ರೂಪುಗೊಂಡಿತೆಂಬುದನ್ನು ಸೂಚಿಸಲು ಸಾಕು. ಈ ಹೇಳಿಕೆಯು ಪ್ರಾಧಿಕಾರಕ್ಕೆ, ರಾಜ್ಯ ಸರ್ಕಾರಕ್ಕೆ ಮತ್ತು ತೆರಿಗೆಯ ಹಣದಿಂದ ಕಾಮಗಾರಿಗಳನ್ನು ಪೋಷಿಸುವ ಸಾರ್ವಜನಿಕರಿಗೆ ಏಕಕಾಲದಲ್ಲಿ ಸಲ್ಲುವ ನಿವೇದನೆಯಾಗಿದೆ.

ಮೊದಲಿಗೆ, ಸಂಘವು ಏನನ್ನು ಹೇಳುತ್ತಿಲ್ಲವೆಂಬುದು ಸ್ಪಷ್ಟವಾಗಬೇಕು. ಕಳಪೆ ಕಾಮಗಾರಿಯ ಸಮರ್ಥನೆಗೆ ನಾವು ನಿಂತಿಲ್ಲ. ಕುಸಿದ ಗೋಡೆಯ ಹೊಣೆಯನ್ನು ಮಳೆಯ ಮೇಲೆ ಹೊರಿಸುವ ಉದ್ದೇಶವೂ ನಮಗಿಲ್ಲ. ಸದಸ್ಯರು ನಿರ್ದೋಷಿಯೆಂದು ಘೋಷಿಸುವ ಅಧಿಕಾರವಾಗಲಿ, ಅದಕ್ಕೆ ಬೇಕಾದ ಸಾಕ್ಷ್ಯವಾಗಲಿ ನಮ್ಮ ಬಳಿಯಿಲ್ಲ, ಏಕೆಂದರೆ ಆ ಸಾಕ್ಷ್ಯವನ್ನು ಯಾರೂ ಇನ್ನೂ ಪರಿಶೀಲಿಸಿಯೇ ಇಲ್ಲ. ತಪ್ಪು ಸಾಬೀತಾದಲ್ಲಿ ಪರವಾನಗಿ ರದ್ದುಪಡಿಸುವ, ಭದ್ರತಾ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ, ನಷ್ಟವನ್ನು ವಸೂಲು ಮಾಡುವ ಅಧಿಕಾರವು ಪ್ರಾಧಿಕಾರಕ್ಕೆ ಇದೆಯೆಂಬುದನ್ನು ನಾವು ನಿಸ್ಸಂಕೋಚವಾಗಿ ಒಪ್ಪುತ್ತೇವೆ. ಅಂಥ ಅಧಿಕಾರವಿಲ್ಲದ ವ್ಯವಸ್ಥೆಯಲ್ಲಿ ಮೊದಲು ನಷ್ಟಕ್ಕೀಡಾಗುವವರು ಪ್ರಾಮಾಣಿಕವಾಗಿ ದರ ನಮೂದಿಸಿ ಟೆಂಡರಿನಲ್ಲಿ ಸೋಲುವ ನಮ್ಮ ಸದಸ್ಯರೇ. ನಮ್ಮ ಆಕ್ಷೇಪವಿರುವುದು ಅಧಿಕಾರದ ಅಸ್ತಿತ್ವದ ಬಗ್ಗೆ ಅಲ್ಲ, ಅದರ ಪ್ರಯೋಗಕ್ಕೆ ಕಾನೂನು ವಿಧಿಸಿರುವ ಕ್ರಮವನ್ನು ತಲೆಕೆಳಗು ಮಾಡಿ ದಂಡನೆಯನ್ನು ಮೊದಲಿಗೂ ವಿಚಾರಣೆಯನ್ನು ಅನಂತರಕ್ಕೂ ಇರಿಸಿದ ವಿಪರ್ಯಾಸದ ಬಗ್ಗೆ.

ಕೇಳದೆ ದಂಡಿಸಬಾರದೆಂಬುದು ಗುತ್ತಿಗೆದಾರರು ತಮ್ಮ ಅನುಕೂಲಕ್ಕೆಂದು ಕಂಡುಕೊಂಡ ವಾದವಲ್ಲ. 1863ರಲ್ಲಿ ಲಂಡನ್ನಿನ ವಾಂಡ್ಸ್‌ವರ್ತ್ ಕಾಮಗಾರಿ ಮಂಡಳಿಯು, ನಿಯಮಾನುಸಾರ ಪೂರ್ವಸೂಚನೆ ನೀಡದೆ ಕಟ್ಟಡ ಆರಂಭಿಸಿದ್ದಾರೆಂಬ ಕಾರಣಕ್ಕೆ ಕೂಪರ್ ಎಂಬುವರ ಅರೆಕಟ್ಟಿದ ಮನೆಯನ್ನು ಕೆಡವಿಸಿದಾಗ, ಕೆಡವುವ ಅಧಿಕಾರವನ್ನು ಶಾಸನವು ಮಂಡಳಿಗೆ ನೀಡಿತ್ತಾದರೂ, ಮಾಲೀಕರ ಮಾತನ್ನು ಆಲಿಸದೆ ಆ ಅಧಿಕಾರವನ್ನು ಚಲಾಯಿಸಿದ್ದು ಅಸಿಂಧುವೆಂದು ಅಲ್ಲಿಯ ನ್ಯಾಯಾಲಯವು ತೀರ್ಪಿತ್ತಿತು. ಶಾಸನವು ಮೌನವಾಗಿರುವೆಡೆ ನ್ಯಾಯವೇ ಆ ಕೊರತೆಯನ್ನು ತುಂಬುತ್ತದೆಂಬ ತತ್ವವು ಅಂದು ಸ್ಥಿರಪಟ್ಟಿತು. ಸ್ವತಂತ್ರ ಭಾರತದಲ್ಲಿ ಇದೇ ತತ್ವವು ಸಂವಿಧಾನದ 14ನೆಯ ಅನುಚ್ಛೇದದ ಸಮಾನತೆಯಿಂದಲೂ 19ನೆಯ ಅನುಚ್ಛೇದದ ವೃತ್ತಿಸ್ವಾತಂತ್ರ್ಯದಿಂದಲೂ ಪುಷ್ಟಿಗೊಂಡಿದೆ. ಎರೂಸಿಯನ್ ಎಕ್ವಿಪ್‌ಮೆಂಟ್ ಸಂಸ್ಥೆಯು ಪಶ್ಚಿಮ ಬಂಗಾಳ ಸರ್ಕಾರದ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸರ್ಕಾರದೊಡನೆ ವ್ಯವಹರಿಸುವುದು ಯಾರ ಹಕ್ಕೂ ಅಲ್ಲವಾದರೂ, ಆ ವ್ಯವಹಾರದ ಅವಕಾಶದಿಂದ ಒಬ್ಬರನ್ನು ಹೊರಗಿಡುವಾಗ ಸರ್ಕಾರವು ಖಾಸಗಿ ವ್ಯಕ್ತಿಯಂತೆ ತನ್ನಿಚ್ಛೆಯನ್ನು ನಡೆಸಲಾಗದು, ಕಪ್ಪುಪಟ್ಟಿಗೆ ಸೇರಿಸುವ ಮುನ್ನ ಆ ವ್ಯಕ್ತಿಗೆ ತನ್ನ ಪಕ್ಷವನ್ನು ಮಂಡಿಸುವ ಅವಕಾಶ ದೊರೆಯಲೇಬೇಕು ಎಂದು ನಿರ್ಣಯಿಸಿತು. ಅರ್ಧ ಶತಮಾನದಿಂದ ದೇಶದ ಎಲ್ಲ ಪ್ರಾಧಿಕಾರಗಳನ್ನೂ ಬಂಧಿಸಿರುವ ಈ ನಿರ್ಣಯದ ಅರಿವು, ಕಾನೂನು ಕೋಶವನ್ನು ಹೊಂದಿರುವ ಪ್ರಾಧಿಕಾರವೊಂದಕ್ಕೆ ಇರಲಿಲ್ಲವೆಂದು ನಂಬುವುದು ಕಷ್ಟ. ಇದ್ದೂ ಅದನ್ನು ಬದಿಗಿರಿಸಲಾಯಿತೆಂದು ನಂಬುವುದು ಇನ್ನೂ ಕಷ್ಟ.

ಕಾಮಗಾರಿಯ ವಿಳಂಬದ ಬಗ್ಗೆ ಈ ಹಿಂದೆ ನೀಡಲಾಗಿದ್ದ ನೋಟಿಸುಗಳೇ ಸಾಕಾಗಿದ್ದವೆಂಬುದು ಪ್ರಾಧಿಕಾರದ ಸಮರ್ಥನೆ. ಈ ಸಮರ್ಥನೆಯು ಮೂರು ಭಿನ್ನ ಕ್ರಮಗಳನ್ನು ಒಂದೆಂದು ಭಾವಿಸಿದ ಗೊಂದಲದಿಂದ ಹುಟ್ಟಿದೆ. ಒಂದು ಕಾಮಗಾರಿಯ ಗುತ್ತಿಗೆಯನ್ನು ರದ್ದುಗೊಳಿಸುವುದು ಕರಾರಿನ ಷರತ್ತಿಗೆ ಸಂಬಂಧಿಸಿದ್ದು, ಅದರ ಪರಿಣಾಮವು ಆ ಕಾಮಗಾರಿಗೆ ಮತ್ತು ಅದರ ಲಾಭನಷ್ಟಕ್ಕೆ ಸೀಮಿತವಾದದ್ದು. ಪರವಾನಗಿಯನ್ನೇ ರದ್ದುಗೊಳಿಸುವುದು ಆ ವ್ಯಕ್ತಿಯ ವೃತ್ತಿಯ ಆಧಾರವನ್ನು ಕಿತ್ತುಕೊಳ್ಳುವ ಶಾಸನಬದ್ಧ ಕ್ರಮ. ಕಪ್ಪುಪಟ್ಟಿಗೆ ಸೇರಿಸುವುದು ಇವೆರಡನ್ನೂ ಮೀರಿ ಆತನ ಹೆಸರಿಗೆ ಹಚ್ಚುವ ಕಳಂಕ. ಒಂದನೆಯದಕ್ಕೆಂದು ಕೊಟ್ಟ ನೋಟಿಸು ಎರಡನೆಯದಕ್ಕೂ ಮೂರನೆಯದಕ್ಕೂ ಸಲ್ಲದು. ಎರ್ನಾಕುಲಂನ ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಅಭಿಯಂತರರು ಜೋಸೆಫ್ ವಿಲಂಗಂಡನ್ ಎಂಬ ಗುತ್ತಿಗೆದಾರರಿಗೆ ನೀಡಿದ್ದ ನೋಟಿಸಿನಲ್ಲಿ ಕಾಮಗಾರಿಯನ್ನು ಬೇರೆಯವರಿಂದ ಮಾಡಿಸುವ ಪ್ರಸ್ತಾಪವೂ ಅವರನ್ನು ಸುಸ್ತಿದಾರರೆಂದು ಹೊರಗಿಡುವ ಮಾತೂ ಇದ್ದವಾದರೂ, ಮುಂದಿನ ಎಲ್ಲ ಕಾಮಗಾರಿಗಳಿಂದಲೂ ನಿಷೇಧಿಸುವ ಉದ್ದೇಶವು ಅದರಿಂದ ನಿಸ್ಸಂದಿಗ್ಧವಾಗಿ ಹೊರಡುವುದಿಲ್ಲವೆಂಬ ಕಾರಣಕ್ಕೆ 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಷೇಧವನ್ನು ತಳ್ಳಿಹಾಕಿತು. 2014ರ ಗೂರ್ಖಾ ಸೆಕ್ಯುರಿಟಿ ಸರ್ವಿಸಸ್ ಪ್ರಕರಣದಲ್ಲಿ ನ್ಯಾಯಾಲಯವು ಇದನ್ನು ಮತ್ತಷ್ಟು ಸ್ಫುಟಗೊಳಿಸಿ, ಕಾರಣ ಕೇಳುವ ನೋಟಿಸಿನಲ್ಲಿ ಆರೋಪದಷ್ಟೇ ಸ್ಪಷ್ಟವಾಗಿ ಉದ್ದೇಶಿತ ದಂಡನೆಯೂ ನಮೂದಾಗಿರಬೇಕೆಂದು ವಿಧಿಸಿತು. 2020ರಲ್ಲಿ ಯುಎಂಸಿ ಟೆಕ್ನಾಲಜೀಸ್ ಸಂಸ್ಥೆಯ ಮೇಲೆ ಭಾರತೀಯ ಆಹಾರ ನಿಗಮವು ಹೇರಿದ್ದ ಐದು ವರ್ಷಗಳ ನಿಷೇಧವನ್ನು ರದ್ದುಪಡಿಸುವಾಗಲಂತೂ, ಟೆಂಡರಿನ ಷರತ್ತುಗಳಲ್ಲಿ ಕಪ್ಪುಪಟ್ಟಿಯ ಉಲ್ಲೇಖವಿದ್ದರೂ, ನೋಟಿಸಿನಲ್ಲಿ ಅದರ ಪ್ರಸ್ತಾಪವಿಲ್ಲದಿದ್ದರೆ ಆದೇಶವು ನಿಲ್ಲದೆಂದು ಸಾರಿತು. ಆರೋಪವೇ ತಿಳಿಯದವನು ಉತ್ತರಿಸಲಾರ; ದಂಡನೆಯ ಗಾತ್ರ ತಿಳಿಯದವನು ಎಷ್ಟು ಗಂಭೀರವಾಗಿ ಉತ್ತರಿಸಬೇಕೆಂಬುದನ್ನೂ ಅರಿಯಲಾರ.

ಇನ್ನು, ಪ್ರಾಧಿಕಾರವು ಈ ಪ್ರಕರಣದಲ್ಲಿ ಕರಾರಿನ ಒಂದು ಪಕ್ಷವೂ ಹೌದು, ಕರಾರು ಉಲ್ಲಂಘನೆಯಾಗಿದೆಯೆಂದು ದೂರುವ ಫಿರ್ಯಾದಿಯೂ ಹೌದು, ಆ ದೂರಿನ ಮೇಲೆ ತೀರ್ಪು ಕೊಟ್ಟ ನ್ಯಾಯಾಧಿಪತಿಯೂ ಹೌದು. ಈ ತ್ರಿಪಾತ್ರಾಭಿನಯಕ್ಕೆ ನಮ್ಮ ರಾಜ್ಯದ್ದೇ ಆದ ಪೂರ್ವನಿದರ್ಶನವೊಂದು ಉತ್ತರ ಕೊಟ್ಟಿದೆ. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಲಿನ ವಿರುದ್ಧ ಕರ್ನಾಟಕ ಸರ್ಕಾರವು ಹೂಡಿದ್ದ ಮೇಲ್ಮನವಿಯಲ್ಲಿ 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕರಾರಿನ ಉಲ್ಲಂಘನೆ ಒಪ್ಪಿತವಾದಾಗ ನಷ್ಟವನ್ನು ಅಂದಾಜಿಸುವ ಅಧಿಕಾರವು ಸರ್ಕಾರಿ ಅಧಿಕಾರಿಗೆ ಇರಬಹುದು, ಆದರೆ ಉಲ್ಲಂಘನೆ ನಡೆದಿದೆಯೇ ಎಂಬುದೇ ವಿವಾದವಾದಾಗ ಅದನ್ನು ನಿರ್ಣಯಿಸುವ ಅಧಿಕಾರವು ಆ ಪಕ್ಷಕ್ಕೇ ಸೇರದು, ಏಕೆಂದರೆ ಯಾರೂ ತಮ್ಮ ವ್ಯಾಜ್ಯಕ್ಕೆ ತಾವೇ ನ್ಯಾಯಾಧೀಶರಾಗಲಾರರು ಎಂದು ತೀರ್ಮಾನಿಸಿತು. ಪರವಾನಗಿಯ ವಿಷಯದಲ್ಲಿ ಪ್ರಾಧಿಕಾರಕ್ಕೆ ನಿಯಮಗಳಡಿ ನಿರ್ಣಯಾಧಿಕಾರ ಇದೆಯೆಂಬುದು ನಿಜ; ಆದರೆ ಹಿತಾಸಕ್ತಿಯಿದ್ದೂ ನಿರ್ಣಯಿಸಬೇಕಾದ ಸಂಸ್ಥೆಯ ಮೇಲೆ ನಿಷ್ಪಕ್ಷಪಾತದ ಹೊಣೆಯು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಈ ಕಾಮಗಾರಿಯ ನಕ್ಷೆ ಸಿದ್ಧಪಡಿಸಿದವರು ಪ್ರಾಧಿಕಾರದ ಅಭಿಯಂತರರು. ಅಳತೆ ಪುಸ್ತಕದಲ್ಲಿ ಅಳತೆ ದಾಖಲಿಸಿದವರೂ, ಅದನ್ನು ಪರಿಶೀಲಿಸಿ ಸಹಿ ಮಾಡಿದವರೂ, ಬಿಲ್ಲುಗಳನ್ನು ಅಂಗೀಕರಿಸಿದವರೂ ಅವರೇ. ಸಾಮಗ್ರಿಯ ಪರೀಕ್ಷಾ ವರದಿಗಳಿರುವುದೂ ಅವರ ಕಡತದಲ್ಲಿಯೇ. ದೋಷವು ನಕ್ಷೆಯದೋ, ಅಡಿಪಾಯದ ಮಣ್ಣಿನದೋ, ಸಾಮಗ್ರಿಯದೋ, ಕೈಕೆಲಸದದೋ ಎಂಬುದನ್ನು ಈ ದಾಖಲೆಗಳನ್ನು ಎದುರಿಗಿಟ್ಟುಕೊಂಡು, ಮೂರನೆಯವರ ತಾಂತ್ರಿಕ ತಪಾಸಣೆಯ ನೆರವಿನಿಂದ ಮಾತ್ರ ನಿರ್ಧರಿಸಬಹುದು. ಒಂದು ಕಾಂಕ್ರೀಟ್ ಕ್ಯೂಬಿನ ಬಲವನ್ನು ನಿರ್ಣಯಿಸಲು 28 ದಿನ ಕಾಯುವುದನ್ನು ನಿಯಮವಾಗಿಸಿಕೊಂಡಿರುವ ಪ್ರಾಧಿಕಾರವು, ಆ ಕಾಂಕ್ರೀಟನ್ನು ಹಾಕಿದವರ ವೃತ್ತಿಜೀವನವನ್ನು ನಿರ್ಣಯಿಸುವಾಗ ಅಷ್ಟು ತಾಳ್ಮೆಯನ್ನೂ ತೋರದಿದ್ದುದು ಖೇದಕರ.

ಆದೇಶದಲ್ಲಿ ಕಾರಣಗಳು ಇಲ್ಲದಿರುವುದು ಮತ್ತು ಕಾರಣಗಳು ಪತ್ರಿಕಾಗೋಷ್ಠಿಯಲ್ಲಿ ಹೇರಳವಾಗಿರುವುದು ಈ ಪ್ರಕರಣದ ಇನ್ನೊಂದು ಲಕ್ಷಣ. ಲಿಖಿತ ಆದೇಶವು ಸಾರ್ವಜನಿಕ ಹಿತಾಸಕ್ತಿ ಎಂಬ ಎರಡು ಪದಗಳನ್ನು ಬಿಟ್ಟರೆ ಬೇರಾವ ಆಧಾರವನ್ನೂ ಒದಗಿಸದಿರುವಾಗ, ವಕ್ತಾರರ ಮಾತಿನಲ್ಲಿ ದಿನಕ್ಕೊಂದು ಹೊಸ ಆಧಾರವು ಸೇರ್ಪಡೆಯಾಗುತ್ತಿದೆ. ಮುಂಬಯಿಯ ಪೊಲೀಸ್ ಕಮಿಷನರ್ ಅವರು ಚಿತ್ರಮಂದಿರ ಕಟ್ಟಲು ಗೋರ್ಧನ್‌ದಾಸ್ ಭಾನ್‌ಜಿ ಎಂಬುವರಿಗೆ ನೀಡಿದ್ದ ಅನುಮತಿಯು ಸರ್ಕಾರದ ನಿರ್ದೇಶನದಂತೆ ರದ್ದಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1951ರಷ್ಟು ಹಿಂದೆಯೇ ಎರಡು ಮಾತುಗಳನ್ನು ಖಚಿತಪಡಿಸಿದೆ: ಕಾನೂನು ಯಾವ ಅಧಿಕಾರಿಗೆ ವಿವೇಚನೆಯನ್ನು ವಹಿಸಿದೆಯೋ ಆತನೇ ತನ್ನ ಬುದ್ಧಿಯಿಂದ ಅದನ್ನು ಪ್ರಯೋಗಿಸಬೇಕು, ಮೇಲಿನವರ ಸೂಚನೆಯನ್ನು ಬರಹಕ್ಕಿಳಿಸುವ ಕರಣಿಕನಾಗಬಾರದು, ಸಾರ್ವಜನಿಕ ಆದೇಶವನ್ನು ಅದರ ಪಠ್ಯದಿಂದಲೇ ಅರ್ಥೈಸಬೇಕು, ಅಧಿಕಾರಿಯು ಅನಂತರ ಕೊಡುವ ವಿವರಣೆಯಿಂದಲ್ಲ. 1977ರಲ್ಲಿ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದ ಸಂವಿಧಾನ ಪೀಠವು ಈ ಎರಡನೆಯ ತತ್ವವನ್ನು ಪುನರುಚ್ಚರಿಸಿ, ಹುಟ್ಟುವಾಗಲೇ ದೋಷಯುಕ್ತವಾದ ಆದೇಶಕ್ಕೆ ನ್ಯಾಯಾಲಯದಲ್ಲಿ ಸಲ್ಲಿಸುವ ಪ್ರಮಾಣಪತ್ರವು ಹೊಸ ಕಾರಣಗಳ ಜೀವದಾನ ಮಾಡಲಾರದೆಂದಿತು. ನ್ಯಾಯಾಲಯದ ಮುಂದೆ ಪ್ರಮಾಣ ಮಾಡಿ ಹೇಳಿದ್ದಕ್ಕೇ ಇಲ್ಲದ ಮಾನ್ಯತೆಯು ಪತ್ರಿಕಾಗೋಷ್ಠಿಯ ಮಾತಿಗೆ ಇರಲು ಸಾಧ್ಯವಿಲ್ಲ.

ಆದೇಶದಿಂದ ಬಾಧಿತರಾದವರು ಈಗ ಬೇಕಾದರೆ ಮನವಿ ಸಲ್ಲಿಸಲಿ, ಅದನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು ಎಂಬ ಆಶ್ವಾಸನೆಯೂ ಕೇಳಿಬಂದಿದೆ. ಆಶ್ವಾಸನೆಯ ಹಿಂದಿನ ಸದ್ಭಾವವನ್ನು ನಾವು ಶಂಕಿಸುವುದಿಲ್ಲ. ಆದರೆ ಸಹಾನುಭೂತಿಯನ್ನು ಯಾಚಿಸುವುದಕ್ಕೂ ನ್ಯಾಯವನ್ನು ಕೇಳುವುದಕ್ಕೂ ಇರುವ ಅಂತರವನ್ನು ಪ್ರಾಧಿಕಾರವು ಗಮನಿಸಬೇಕು. ಬ್ಯಾಂಕುಗಳ ವಿಲೀನದ ವೇಳೆ ಕೆಲಸದಿಂದ ಹೊರಗುಳಿದ ನೌಕರರು ತಂದ ಕೆ. ಐ. ಶೆಫರ್ಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ, ಒಮ್ಮೆ ನಿರ್ಣಯವನ್ನು ಕೈಗೊಂಡ ಮೇಲೆ ಅದನ್ನು ಸಮರ್ಥಿಸಿಕೊಳ್ಳುವ ಪ್ರವೃತ್ತಿಯು ಸಹಜವಾಗಿರುವುದರಿಂದ, ನಿರ್ಣಯೋತ್ತರ ವಿಚಾರಣೆಯು ಪೂರ್ವವಿಚಾರಣೆಗೆ ಬದಲಿಯಾಗಲಾರದೆಂದು ತಿಳಿಸಿದೆ. ಕೆಲವು ಸಂದರ್ಭಗಳಲ್ಲಿ ತುರ್ತು ಇರಬಹುದೆಂಬುದನ್ನೂ ಕಾನೂನು ಮರೆತಿಲ್ಲ: ಲಿಬರ್ಟಿ ಆಯಿಲ್ ಮಿಲ್ಸ್ ಪ್ರಕರಣದ 1984ರ ತೀರ್ಪು, ವಿಚಾರಣೆ ಬಾಕಿಯಿರುವಾಗ ತಾತ್ಕಾಲಿಕ ಕ್ರಮವನ್ನು ಮೊದಲೇ ಕೈಗೊಂಡು ಅನಂತರ ಬಾಧಿತರನ್ನು ಆಲಿಸುವುದಕ್ಕೆ ಅವಕಾಶ ನೀಡಿದೆ. ಜನರ ಪ್ರಾಣಕ್ಕೆ ಅಪಾಯವಿದ್ದಲ್ಲಿ ಕಾಮಗಾರಿಯನ್ನು ನಿಲ್ಲಿಸಬಹುದಿತ್ತು, ಸ್ಥಳವನ್ನು ವಶಕ್ಕೆ ಪಡೆಯಬಹುದಿತ್ತು, ಪರವಾನಗಿಯನ್ನು ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿಡಬಹುದಿತ್ತು. ಇವುಗಳಲ್ಲಿ ಯಾವುದನ್ನು ಮಾಡಿದ್ದರೂ ಸಂಘವು ಇಂದು ಈ ಹೇಳಿಕೆಯನ್ನು ನೀಡುತ್ತಿರಲಿಲ್ಲ. ತಾತ್ಕಾಲಿಕ ಕ್ರಮವು ಸಾಕಾಗುತ್ತಿದ್ದೆಡೆ ಅಂತಿಮ ಕ್ರಮವನ್ನೇ ಆಯ್ದುಕೊಂಡುದಕ್ಕೆ ತುರ್ತು ಕಾರಣವಾಗಲಾರದು.

ದಂಡನೆಯ ಪ್ರಮಾಣವನ್ನೂ ಪರಿಶೀಲಿಸದೆ ಬಿಡುವಂತಿಲ್ಲ. ಆದೇಶದಲ್ಲಿ ಕಪ್ಪುಪಟ್ಟಿಯ ಅವಧಿಯು ನಮೂದಾಗಿಲ್ಲ. ಅವಧಿಯಿಲ್ಲದ ನಿಷೇಧವು ಆಜೀವ ನಿಷೇಧವೇ. ಬಿಎಸ್‌ಎನ್‌ಎಲ್‌ನಿಂದ ಅಕ್ರಮವಾಗಿ ಹೆಚ್ಚುವರಿ ಹಣವು ಪಾವತಿಯಾಗಿದ್ದ ಕುಲ್ಜಾ ಇಂಡಸ್ಟ್ರೀಸ್‌ನ ಪ್ರಕರಣದಲ್ಲಿಯೂ, 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಷೇಧಿಸುವ ಅಧಿಕಾರವನ್ನು ಎತ್ತಿಹಿಡಿಯುತ್ತಲೇ ಶಾಶ್ವತ ನಿಷೇಧವನ್ನು ಬದಿಗಿರಿಸಿ, ತಪ್ಪಿನ ಸ್ವರೂಪಕ್ಕೆ ತಕ್ಕ ಅವಧಿಯನ್ನು ನಿಗದಿಗೊಳಿಸುವಂತೆ ಸೂಚಿಸಿತು. ಕೋಲ್ಕತ್ತ ಮಹಾನಗರಪಾಲಿಕೆಯು ಬ್ಲೂ ಡ್ರೀಮ್ಸ್ ಎಂಬ ಜಾಹೀರಾತು ಸಂಸ್ಥೆಯ ಮೇಲೆ ಹೇರಿದ್ದ ಐದು ವರ್ಷಗಳ ನಿಷೇಧವನ್ನು 2024ರಲ್ಲಿ ರದ್ದುಗೊಳಿಸುವಾಗ ಅದೇ ನ್ಯಾಯಾಲಯವು, ಎರಡೂ ಕಡೆಗೆ ವಾದವಿರುವ ಸಾಧಾರಣ ಕರಾರು ವಿವಾದಕ್ಕೆ ಈ ಅಸ್ತ್ರವನ್ನು ಬಳಸುವುದು ಅಸಮಪ್ರಮಾಣದ ದಂಡನೆಯೆಂದಿತು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಾವಳಿಯ 151ನೆಯ ನಿಯಮವೂ ನಿಷೇಧಕ್ಕೆ ಕಾಲಮಿತಿಯನ್ನು ವಿಧಿಸಿ, ಸಮಂಜಸ ಅವಕಾಶ ನೀಡದೆ ಯಾರನ್ನೂ ನಿಷೇಧಿಸಕೂಡದೆಂದು ಕಟ್ಟುಮಾಡಿದೆ. ಕಪ್ಪುಪಟ್ಟಿಯ ಪರಿಣಾಮವು ಅದನ್ನು ಹೊರಡಿಸಿದ ಕಚೇರಿಯ ಹೊಸ್ತಿಲಿಗೆ ನಿಲ್ಲದೆ, ಹಿಂದೆಂದಾದರೂ ನಿಷೇಧಕ್ಕೊಳಗಾಗಿದ್ದೀರಾ ಎಂಬ ಪ್ರಶ್ನೆಗೆ ಪ್ರಮಾಣಪತ್ರ ಬೇಡುವ ಪ್ರತಿಯೊಂದು ಇಲಾಖೆಯ ಟೆಂಡರಿಗೂ ಹಿಂಬಾಲಿಸುತ್ತದೆಂಬುದು ನಮ್ಮ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ಬ್ಯಾಂಕು ಖಾತರಿಯನ್ನು ನವೀಕರಿಸಲು ಹಿಂಜರಿಯುತ್ತದೆ, ಜಲ್ಲಿ ಸಿಮೆಂಟು ಉದ್ದರಿ ಕೊಡುವವರು ಬಾಕಿಗೆ ಬಂದು ಕೂರುತ್ತಾರೆ, ಬೇರೆ ಕಡೆ ನಿರ್ದೋಷವಾಗಿ ಸಾಗುತ್ತಿರುವ ಕಾಮಗಾರಿಗಳ ಬಿಲ್ಲುಗಳೂ ತಡೆಹಿಡಿಯಲ್ಪಡುತ್ತವೆ. ಇವೆಲ್ಲದರ ಅಂತ್ಯದಲ್ಲಿ ವಾರದ ಬಟವಾಡೆಯನ್ನೇ ನಂಬಿದ ಗಾರೆ ಕೆಲಸದವರೂ ಕೂಲಿಗಳೂ, ಯಾವ ನೋಟಿಸಿನಲ್ಲಿಯೂ ಯಾವ ಆದೇಶದಲ್ಲಿಯೂ ತಮ್ಮ ಹೆಸರಿಲ್ಲದಿದ್ದರೂ, ದಂಡನೆಯನ್ನು ಅನುಭವಿಸುತ್ತಾರೆ. ಇಂಥ ಆದೇಶವನ್ನು ನ್ಯಾಯಾಲಯಗಳು ವ್ಯಕ್ತಿಯ ನಾಗರಿಕ ಮರಣಕ್ಕೆ ಸಮಾನವೆಂದು ಬಣ್ಣಿಸಿರುವುದು ಅತಿಶಯೋಕ್ತಿಯಲ್ಲ.

ಕಾರ್ಯವಿಧಾನದ ಈ ಎಲ್ಲ ಆಗ್ರಹವು ತಪ್ಪಿತಸ್ಥರಿಗೆ ಕಾಲಾವಕಾಶ ಗಳಿಸಿಕೊಡುವ ತಂತ್ರವೆಂದು ಕೆಲವರು ಭಾವಿಸಬಹುದು. ವಾಸ್ತವವು ಇದಕ್ಕೆ ವಿರುದ್ಧವಾಗಿದೆ. ನೋಟಿಸಿಲ್ಲದ, ಕಾರಣವಿಲ್ಲದ ಆದೇಶವು ಉಚ್ಚ ನ್ಯಾಯಾಲಯದಲ್ಲಿ ಸಂವಿಧಾನದ 226ನೆಯ ಅನುಚ್ಛೇದದಡಿಯ ಮೊದಲ ವಿಚಾರಣೆಗಳಲ್ಲಿಯೇ ದುರ್ಬಲಗೊಳ್ಳುತ್ತದೆ. ಅಲ್ಲಿ ಚರ್ಚೆಯು ಗೋಡೆಯ ಗುಣಮಟ್ಟದಿಂದ ನೋಟಿಸಿನ ಕೊರತೆಯ ಕಡೆಗೆ ಹೊರಳುತ್ತದೆ. ಪ್ರಕರಣವು ಮರುಪರಿಶೀಲನೆಗೆಂದು ಹಿಂದಿರುಗುವಷ್ಟರಲ್ಲಿ ಮಾದರಿಗಳು ನಾಶವಾಗಿರುತ್ತವೆ, ಅಧಿಕಾರಿಗಳು ವರ್ಗವಾಗಿರುತ್ತಾರೆ, ಕಾಮಗಾರಿಯ ಅವಶೇಷವು ತೆರವಾಗಿರುತ್ತದೆ. ಗುತ್ತಿಗೆದಾರರು ನಿಜವಾಗಿಯೂ ದೋಷಿಗಳಾಗಿದ್ದರೆ ಅವರಿಗೆ ಇದಕ್ಕಿಂತ ಉತ್ತಮವಾದ ರಕ್ಷಾಕವಚವನ್ನು ಬೇರಾರೂ ತೊಡಿಸಲಾರರು. ನಿರ್ದೋಷಿಗಳಾಗಿದ್ದರೆ ಅವರ ಹೆಸರನ್ನು ಶುದ್ಧಗೊಳಿಸಬಲ್ಲ ವಿಚಾರಣೆಯು ಎಂದಿಗೂ ನಡೆಯದೇ ಹೋಗುತ್ತದೆ. ಅಷ್ಟೇ ಅಲ್ಲ, ಗುತ್ತಿಗೆದಾರರೊಬ್ಬರನ್ನು ಅವಸರದಲ್ಲಿ ಹೊಣೆಗಾರರನ್ನಾಗಿಸಿದ ಕೂಡಲೇ, ನಕ್ಷೆ ಅನುಮೋದಿಸಿದವರ ಮತ್ತು ಅಳತೆಗೆ ಸಹಿ ಹಾಕಿದವರ ಹೊಣೆಯ ಪ್ರಶ್ನೆಯು ಯಾರೂ ಕೇಳದಂತೆ ಮುಚ್ಚಿಹೋಗುತ್ತದೆ. ಹಣ ಕಳೆದುಕೊಂಡ ಸಾರ್ವಜನಿಕರಿಗೆ ಸತ್ಯವೂ ಸಿಗದಂತಾಗುವ ಈ ಪರಿಣಾಮವನ್ನು ತಡೆಯುವುದಕ್ಕಾಗಿಯೇ ಕಾನೂನು ವಿಚಾರಣೆಯನ್ನು ಕಡ್ಡಾಯಗೊಳಿಸಿದೆ. ರಾಜ್ಯದ 1999ರ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಅಧಿನಿಯಮವು ಗುತ್ತಿಗೆಯನ್ನು ನೀಡುವ ಹಂತದಲ್ಲಿ ಬಯಸುವ ಪಾರದರ್ಶಕತೆಯು, ಗುತ್ತಿಗೆದಾರರನ್ನು ಹೊರಹಾಕುವ ಹಂತದಲ್ಲಿ ಅನಗತ್ಯವಾಗಲು ಯಾವ ನ್ಯಾಯಸಮ್ಮತ ಕಾರಣವೂ ಇಲ್ಲ.

ಆದ್ದರಿಂದ, ಪರವಾನಗಿ ರದ್ದತಿ ಮತ್ತು ಕಪ್ಪುಪಟ್ಟಿಯ ಆದೇಶವನ್ನು ಪ್ರಾಧಿಕಾರವು ತಾನಾಗಿಯೇ ಹಿಂಪಡೆಯಬೇಕೆಂದೂ, ಆರೋಪವನ್ನೂ ಉದ್ದೇಶಿತ ದಂಡನೆಯನ್ನೂ ಪ್ರತ್ಯೇಕವಾಗಿ ನಮೂದಿಸಿದ ಹೊಸ ನೋಟಿಸನ್ನು ನೀಡಿ, ಅಳತೆ ಪುಸ್ತಕ, ಪರೀಕ್ಷಾ ವರದಿ ಹಾಗೂ ತಪಾಸಣಾ ಟಿಪ್ಪಣಿಗಳ ಪ್ರತಿಗಳನ್ನು ಒದಗಿಸಿ ಸಮಂಜಸ ಕಾಲಾವಕಾಶವನ್ನು ಕೊಡಬೇಕೆಂದೂ, ಈ ಕಾಮಗಾರಿಯ ಯಾವ ಹಂತದಲ್ಲಿಯೂ ಸಹಿ ಮಾಡಿರದ ಹಿರಿಯ ಅಧಿಕಾರಿಯೊಬ್ಬರು ಉಭಯಪಕ್ಷಗಳನ್ನು ಆಲಿಸಿ ತಾವೇ ಸಕಾರಣ ಆದೇಶವನ್ನು ಬರೆಯಬೇಕೆಂದೂ, ಅಲ್ಲಿಯವರೆಗೆ ಸಾರ್ವಜನಿಕ ಸುರಕ್ಷತೆಗೆ ಅಗತ್ಯವಾದ ತಾತ್ಕಾಲಿಕ ಕ್ರಮಕ್ಕಷ್ಟೇ ಸೀಮಿತವಾಗಿರಬೇಕೆಂದೂ ಸಂಘವು ಆಗ್ರಹಿಸುತ್ತದೆ. ರಾಜ್ಯ ಸರ್ಕಾರವು ಪರವಾನಗಿ ನೀಡುವ ಎಲ್ಲ ಇಲಾಖೆ, ನಿಗಮ ಹಾಗೂ ಸ್ಥಳೀಯ ಸಂಸ್ಥೆಗಳಿಗೆ ಅನ್ವಯವಾಗುವ ಏಕರೂಪದ ಕಾರ್ಯವಿಧಾನವನ್ನು ಸುತ್ತೋಲೆಯ ಮೂಲಕ ಹೊರಡಿಸಿ, ನೋಟಿಸಿನ ನಮೂನೆ, ಉತ್ತರದ ಅವಧಿ, ನಿಷೇಧದ ಗರಿಷ್ಠ ಕಾಲಮಿತಿ ಮತ್ತು ಸ್ವತಂತ್ರ ಮೇಲ್ಮನವಿಯ ವ್ಯವಸ್ಥೆಯನ್ನು ಅದರಲ್ಲಿ ನಿಗದಿಪಡಿಸಬೇಕೆಂದೂ ವಿನಂತಿಸುತ್ತದೆ.

ನಮ್ಮ ಕಡೆಯಿಂದ ಸಲ್ಲಬೇಕಾದ ವಾಗ್ದಾನವನ್ನೂ ಇಲ್ಲಿಯೇ ದಾಖಲಿಸುತ್ತೇವೆ. ಕ್ರಮಬದ್ಧವಾದ ನೋಟಿಸು ಬಂದಲ್ಲಿ ಸದಸ್ಯರು ಅದಕ್ಕೆ ನಿಗದಿತ ಅವಧಿಯೊಳಗೆ, ಮುಂದೂಡಿಕೆ ಕೇಳದೆ ಉತ್ತರಿಸುವಂತೆ ಸಂಘವು ನೋಡಿಕೊಳ್ಳುತ್ತದೆ. ತಾಂತ್ರಿಕ ತಪಾಸಣೆಗೆ ಬೇಕಾದ ಸಹಕಾರವನ್ನು ಷರತ್ತಿಲ್ಲದೆ ನೀಡುತ್ತದೆ. ನ್ಯಾಯಯುತ ವಿಚಾರಣೆಯ ಕೊನೆಯಲ್ಲಿ ಅವರ ತಪ್ಪು ಸಾಬೀತಾದರೆ, ಆ ನಿರ್ಣಯದ ವಿರುದ್ಧ ಸಂಘವು ಬೀದಿಗಿಳಿಯುವುದಿಲ್ಲ ಮತ್ತು ಅವರನ್ನು ತನ್ನ ಸದಸ್ಯತ್ವದಲ್ಲಿ ಉಳಿಸಿಕೊಳ್ಳುವುದೂ ಇಲ್ಲ. ಇದೇ ಬದ್ಧತೆಯನ್ನು ಪ್ರಾಧಿಕಾರವು ಕಾನೂನಿನ ಬಗ್ಗೆ ತೋರಲಿ. ಆದೇಶವು ಹಿಂಪಡೆಯಲ್ಪಡದಿದ್ದಲ್ಲಿ, ಸದಸ್ಯರು ಉಚ್ಚ ನ್ಯಾಯಾಲಯದಲ್ಲಿ ಹೂಡುವ ರಿಟ್ ಅರ್ಜಿಗೆ ಸಂಘವು ಪಕ್ಷಕಾರನಾಗಿ ಸೇರಲು ಕಾರ್ಯಕಾರಿ ಸಮಿತಿಯು ನಿರ್ಣಯಿಸಿದೆ.

ಕಾರ್ಯಕಾರಿ ಸಮಿತಿಯ ಪರವಾಗಿ,
ಅಧ್ಯಕ್ಷರು ಮತ್ತು ಪ್ರಧಾನ ಕಾರ್ಯದರ್ಶಿ